ಉಮ್ರಾಕ್ಕೆ ಹೋಗುವವರಿಗೆ ಮೆನಿಂಜೈಟಿಸ್ ಸೂಜಿ ಬೇಡ ಅಂತಾನೆ ಏಜೆಂಟ್, ನಿಜಾನಾ?

ಗುಮ್ಮಟದ_ನೆರಳು (ವಿಜಯಪುರ):
ಎಲ್ಲರಿಗೂ ಸಲಾಂ, ನಮಸ್ಕಾರ. ಅಪ್ಪ ಅಮ್ಮ ಉಮ್ರಾಕ್ಕೆ, ಅಂದರೆ ಹಜ್ ಅಲ್ಲದೆ ಬೇರೆ ದಿನಗಳಲ್ಲಿ ಮಾಡುವ ಮಕ್ಕಾ ಯಾತ್ರೆಗೆ, ಹೊರಟಿದ್ದಾರೆ. ಅಪ್ಪನಿಗೆ 68 ವಯಸ್ಸು, ಶುಗರ್ ಇದೆ. ವಿಮಾನ ಹೈದರಾಬಾದ್‌ನಿಂದ. ಹೊರಡಲು ಇನ್ನೂ ಮೂರ್ನಾಲ್ಕು ವಾರ ಇದೆ. ಹಿಂದೆ ಚಿಕ್ಕಪ್ಪ ಹಜ್‌ಗೆ ಹೋದಾಗ ಕ್ಯಾಂಪ್ ಮಾಡಿ ಎಲ್ಲರಿಗೂ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಸೂಜಿ ಹಾಕಿದ್ದರು, ಬಾಯಿಗೆ ಪೋಲಿಯೊ ಹನಿ ಕೂಡ ಬಿಟ್ಟಿದ್ದರು. ಈಗ ನಮ್ಮ ಏಜೆಂಟ್‌ನನ್ನು ಕೇಳಿದರೆ, "ಅದೆಲ್ಲ ಹಜ್‌ಗೆ ಮಾತ್ರ, ಉಮ್ರಾದವರನ್ನ ಯಾರೂ ನೋಡಲ್ಲ, ಬೇಕಂದ್ರೆ ಸರ್ಟಿಫಿಕೇಟ್ ನಾನೇ ಮಾಡಿಸಿಕೊಡ್ತೀನಿ" ಅಂತಾನೆ. ಸೂಜಿ ಹಾಕಿಸದೆ ಸರ್ಟಿಫಿಕೇಟ್ ಎಲ್ಲಿಂದ ಬರುತ್ತೆ ಅಂದೆ. ನಕ್ಕ, ಅಷ್ಟೇ. ನಿಜವಾಗಿ ನಿಯಮ ಏನು? ನಿಯಮ ಬಿಡಿ, ಸೂಜಿ ಬೇಕಾ ಬೇಡ್ವಾ?

ಕೌಂಟರ್_ಹಿಂದೆ (ಬೆಳಗಾವಿ):
ಬೇಕು. ಹಜ್ ಇರಲಿ ಉಮ್ರಾ ಇರಲಿ, ಸೌದಿ ಆರೋಗ್ಯ ಇಲಾಖೆ ಕೇಳುವುದು ಒಂದೇ. ಎ, ಸಿ, ಡಬ್ಲ್ಯೂ, ವೈ ನಾಲ್ಕೂ ಬಗೆಯ ರೋಗಾಣುವಿಗೆ ತಡೆ ಕೊಡುವ ಲಸಿಕೆಯಾಗಿರಬೇಕು ಮತ್ತು ಅಲ್ಲಿ ಇಳಿಯುವ ಕನಿಷ್ಠ 10 ದಿನ ಮುಂಚೆ ಹಾಕಿಸಿರಬೇಕು. ಈ 10 ದಿನ ಸುಮ್ನೆ ಇಟ್ಟಿದ್ದಲ್ಲ, ಮೈಯಲ್ಲಿ ರೋಗ ತಡೆಯುವ ಶಕ್ತಿ ತಯಾರಾಗಲು ಅಷ್ಟು ಸಮಯ ಬೇಕು. ವಿಮಾನ ಹತ್ತುವ ಹಿಂದಿನ ದಿನ ಬಂದು "ಅರ್ಜೆಂಟ್ ಇದೆ, ಒಂದು ಚುಚ್ಚಿಬಿಡಿ" ಅನ್ನುವವರು ನಮ್ಮ ಅಂಗಡಿಗೆ ಬರ್ತಾನೇ ಇರ್ತಾರೆ. ಡಾಕ್ಟರ್ ಚೀಟಿ ಇಲ್ಲದೆ ನಾವು ಕೊಡಲ್ಲ ಅದು ಬೇರೆ ವಿಷಯ, ಆದರೆ ಅವತ್ತು ಹಾಕಿಸಿಕೊಂಡು ಮರುದಿನ ಹೋದರೆ ಮೊದಲ ವಾರ ಹೆಚ್ಚುಕಡಿಮೆ ಹಾಕಿಸದವರ ಲೆಕ್ಕವೇ.

ಉಮ್ರಾದವರನ್ನು ಹಜ್‌ನಷ್ಟು ಬಿಗಿಯಾಗಿ ತಪಾಸಣೆ ಮಾಡುವುದಿಲ್ಲ ಅನ್ನೋದು ನಿಜ. ಏಜೆಂಟರು ಆಡುವುದು ಆ ಸಂದಿಯಲ್ಲೇ.

ಇಳಕಲ್_ಹಾಜಿ:
ಕೌಂಟರ್ ಅಣ್ಣ ಸರಿಯಾಗಿ ಹೇಳಿದ್ದಾರೆ. ನಾನು ಹೋಗುವ ಮುಂಚೆ ಜಿಲ್ಲಾ ಕ್ಯಾಂಪಿನಲ್ಲಿ ಕ್ಯೂ ನಿಂತಿದ್ದೆ. ನನ್ನ ಮುಂದೆ ಒಬ್ಬ ಮುದುಕರು, ಬಿಳಿ ಜುಬ್ಬದ ತೋಳು ಮಡಚಲು ಒದ್ದಾಡುತ್ತಿದ್ದರು, ಮಗ ಹಿಡಿದು ಮೇಲಕ್ಕೆ ಸರಿಸಿದ. ಅವರು ಕೇಳಿದರು, "ಇದು ಯಾವ ರೋಗಕ್ಕಮ್ಮಾ?" ಅಂತ. ಸೂಜಿ ಹಾಕುತ್ತಿದ್ದವರು ತಲೆ ಎತ್ತದೆ "ವೀಸಾಕ್ಕೆ" ಅಂದರು. ಮುದುಕರು "ಹಾಂ ಹಾಂ" ಅಂತ ತಲೆ ಆಡಿಸಿ ಹೋದರು. ಸೂಜಿ ಹಾಕುವವರನ್ನು ಬಯ್ಯೋಕೆ ಹೇಳ್ತಿಲ್ಲ, ಅವತ್ತು ಅವರ ಮುಂದೆ ಸಾಲು ಗೇಟಿನ ತನಕ ಇತ್ತು. ಆದರೆ ನಮ್ಮವರ ತಲೆಯಲ್ಲಿ ಈ ಸೂಜಿ ಪಾಸ್‌ಪೋರ್ಟ್ ಫೋಟೊ ಇದ್ದ ಹಾಗೆ ಕೂತಿರೋದು ಇಂಥ ಉತ್ತರದಿಂದಲೇ. ಕೇಳಿದರೆ ಕೊಡಬೇಕು, ಕೇಳದಿದ್ದರೆ ಯಾಕೆ?

ನೇರ_ಮಾತು (ಸಿಂದಗಿ):
ಎಲ್ಲರೂ ಒಂದೇ ಕಡೆ ಮಾತಾಡ್ತಿದ್ದೀರಿ, ನಾನು ಇನ್ನೊಂದು ಕಡೆ ಹೇಳ್ತೀನಿ, ಸಿಟ್ಟಾಗಬೇಡಿ. ನಮ್ಮ ಅಜ್ಜ ಯಾವ ಸೂಜಿ ಹಾಕಿಸಿದ್ದರು? ಹಡಗಿನಲ್ಲಿ ಹೋಗಿ ಬಂದರು, ತೊಂಬತ್ತರ ತನಕ ಬದುಕಿದರು. ಅಲ್ಲಾಹನ ಮನೆಗೆ ಹೋಗುವವನು ಕಫನ್ (ಹೆಣಕ್ಕೆ ಹೊದಿಸುವ) ಬಟ್ಟೆಯಂಥ ಇಹ್ರಾಮ್ ಉಟ್ಟು ಹೋಗುತ್ತಾನೆ. ಅಲ್ಲೇ ಮಣ್ಣಾದರೆ ಅದಕ್ಕಿಂತ ಭಾಗ್ಯ ಏನಿದೆ? ಮತ್ತೆ ಈ ಲಸಿಕೆಗಳಲ್ಲಿ ಹಂದಿಯದ್ದು ಏನೋ ಇರುತ್ತೆ ಅಂತಾರೆ. ಕೊರೊನಾ ಟೈಮಲ್ಲಿ ಹಾಕಿಸಿಕೊಂಡವರಿಗೆ ಏನೇನಾಯ್ತು ಅಂತ ವಾಟ್ಸಾಪ್ ತುಂಬ ಇದೆ. ಉತ್ತರ ಇದ್ದರೆ ಕೊಡಿ. ಬೈಗುಳ ಬೇಡ.

ತಾಳಿಕೋಟೆ_ದಾರಿ:
ಬೈಗುಳ ಇಲ್ಲ. ಅಜ್ಜನ ಮಾತಿಗೆ ಅಜ್ಜಂದಿರ ಕಾಲದ ಲೆಕ್ಕವನ್ನೇ ಕೊಡ್ತೀನಿ. 1865ರಲ್ಲಿ ಮಕ್ಕಾದಲ್ಲಿ ಕಾಲರಾ ಬಂತು. ಆ ವರ್ಷ ಸೇರಿದ್ದ ಸುಮಾರು 90 ಸಾವಿರ ಯಾತ್ರಿಗಳಲ್ಲಿ 15 ಸಾವಿರದಷ್ಟು ಜನ ಹೋದರು ಅಂತ ಅಂದಾಜು. ಉಳಿದವರ ಜೊತೆ ರೋಗ ಈಜಿಪ್ಟಿಗೆ ಹೋಯಿತು, ಅಲ್ಲಿಂದ ಯುರೋಪಿಗೆ. ಮರುವರ್ಷ ಕಾನ್‌ಸ್ಟಾಂಟಿನೋಪಲ್‌ನಲ್ಲಿ ದೇಶದೇಶದವರು ಇದಕ್ಕೆಂದೇ ಸಭೆ ಕೂತರು. ಆಮೇಲೆ 1882ರಿಂದ ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ಹಿಂದೂಸ್ತಾನದ ಕಡೆಯಿಂದ ಬರುವ ಹಡಗುಗಳನ್ನು ನಿಲ್ಲಿಸಿ ಯಾತ್ರಿಗಳನ್ನು ದಿನಗಟ್ಟಲೆ ಕ್ವಾರಂಟೈನ್‌ನಲ್ಲಿ ಇಡುತ್ತಿದ್ದರು, ಬಟ್ಟೆಬರೆ ಎಲ್ಲ ಹಬೆಯಲ್ಲಿ ಬೇಯಿಸುತ್ತಿದ್ದರು. ಅವರಿಗೆ ಸೂಜಿ ಇರಲಿಲ್ಲ ಅನ್ನೋದು ನಿಜ. ಅದರ ಬದಲು ಬಿಸಿಲಲ್ಲಿ ದ್ವೀಪದಲ್ಲಿ ಕೂರುವುದಿತ್ತು. ತಿರುಗಿ ಬಂದ ಅಜ್ಜಂದಿರ ಕಥೆ ನಮಗೆ ಗೊತ್ತು, ಬರದೇ ಇದ್ದವರ ಕಥೆ ಹೇಳೋಕೆ ಮನೆಯಲ್ಲಿ ಯಾರಿದ್ದಾರೆ?

 

ಪಿಎಚ್‌ಸಿ_ಅಕ್ಕ (ಬಾಗಲಕೋಟೆ ಜಿಲ್ಲೆ):
ಡ್ಯೂಟಿ ಮುಗಿಸಿ ಈಗ ನೋಡಿದೆ. ನೇರ_ಮಾತು ಅವರ ಪ್ರಶ್ನೆ ಕ್ಯಾಂಪಿನಲ್ಲಿ ನನ್ನ ಕಿವಿಗೆ ಬೀಳುವ ಪ್ರಶ್ನೆಗಳೇ, ಹೊಸದೇನೂ ಇಲ್ಲ. ಒಂದೊಂದಾಗಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

"ಅಲ್ಲೇ ಮಣ್ಣಾದರೆ ಭಾಗ್ಯ" ಅನ್ನುವವರಿಗೆ ನಾನು ವಾದ ಮಾಡಲ್ಲ, ಅದು ಅವರ ಮನಸ್ಸಿನ ಮಾತು. ಆದರೆ ಈ ರೋಗ ನಿಮ್ಮೊಬ್ಬರದಲ್ಲ. ಮೆನಿಂಜೈಟಿಸ್ ತರುವ ಈ ಬ್ಯಾಕ್ಟೀರಿಯಾ ಎಷ್ಟೋ ಆರೋಗ್ಯವಂತರ ಮೂಗು ಗಂಟಲ ಹಿಂದೆ ಸುಮ್ನೆ ಕೂತಿರುತ್ತದೆ. ಅವರಿಗೆ ಏನೂ ಆಗಲ್ಲ. ಕೆಮ್ಮಿದಾಗ, ಒಂದೇ ಲೋಟದಲ್ಲಿ ನೀರು ಕುಡಿದಾಗ, ಪಕ್ಕದಲ್ಲೇ ದಿನಗಟ್ಟಲೆ ಮಲಗಿದಾಗ ಇನ್ನೊಬ್ಬರಿಗೆ ದಾಟುತ್ತದೆ. ಯಾರೋ ಒಬ್ಬರಲ್ಲಿ ಅದು ರಕ್ತಕ್ಕೆ ಇಳಿಯುತ್ತದೆ. ಆಮೇಲೆ ಜ್ವರ, ತಡೆಯಲಾರದ ತಲೆನೋವು, ಕುತ್ತಿಗೆ ಬಗ್ಗಿಸೋಕೆ ಆಗಲ್ಲ, ಬೆಳಕು ಕಂಡರೆ ಆಗಲ್ಲ, ಕೆಲವರಿಗೆ ಮೈಮೇಲೆ ನೇರಳೆ ಕಲೆ. ಬೆಳಿಗ್ಗೆ ಚೆನ್ನಾಗಿದ್ದವರು ಮರುದಿನ ಇಲ್ಲ ಅನ್ನುವಷ್ಟು ಬೇಗ. ಸರಿಯಾದ ಚಿಕಿತ್ಸೆ ಸಿಕ್ಕರೂ ನೂರಕ್ಕೆ ಹತ್ತು ಹದಿನೈದು ಜನ ಉಳಿಯುವುದಿಲ್ಲ. ಉಳಿದವರಲ್ಲೂ ಕೆಲವರಿಗೆ ಕಿವಿ ಹೋಗುತ್ತದೆ, ಕೆಲವರ ಬೆರಳು ಕಾಲು ಕತ್ತರಿಸಬೇಕಾಗುತ್ತದೆ.

1987ರ ಹಜ್‌ನಲ್ಲಿ ಎ ಬಗೆಯದ್ದು ಹಬ್ಬಿತು. ಅದಾದ ಮೇಲೆಯೇ ಸೌದಿ ಲಸಿಕೆ ಕಡ್ಡಾಯ ಮಾಡಿತು. ಆಗ ಕೊಡುತ್ತಿದ್ದದ್ದು ಎ ಮತ್ತು ಸಿ ಎರಡಕ್ಕೆ ಮಾತ್ರ. 2000ದಲ್ಲಿ ಡಬ್ಲ್ಯೂ ಬಂತು. ಯಾತ್ರಿಗಳಲ್ಲಿ, ಅವರ ಹತ್ತಿರದವರಲ್ಲಿ, ಸೌದಿಯೂ ಸೇರಿ ಬೇರೆ ಬೇರೆ ದೇಶಗಳಲ್ಲಿ ಒಟ್ಟು 400ರ ಆಸುಪಾಸು ಪ್ರಕರಣ. ಇಲ್ಲಿ ಗಮನಿಸಿ, ಕಾಯಿಲೆ ಬಿದ್ದವರಲ್ಲಿ ಹಜ್‌ಗೆ ಹೋಗದವರೇ ಎಷ್ಟೋ ಜನ. ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ಹಾಜಿಯನ್ನು ನೋಡಲು ಬಂದವರು. 2001ರಲ್ಲೂ ಮತ್ತೆ ಆಯಿತು. 2002ರಿಂದ ನಾಲ್ಕೂ ಬಗೆಯದ್ದು ಕಡ್ಡಾಯ. ಅಲ್ಲಿಂದ ಈಚೆಗೆ ಹಜ್‌ನಲ್ಲಿ ಅಂಥ ದೊಡ್ಡ ಹಬ್ಬುವಿಕೆ ಆಗಿಲ್ಲ.

ಹಾಜಿ ಬಂದ ದಿನ ನಮ್ಮಲ್ಲಿ ಏನಾಗುತ್ತೆ? ಓಣಿಯೆಲ್ಲ ಬಂದು ತಬ್ಬಿಕೊಳ್ಳುತ್ತದೆ. ಚಿಕ್ಕ ಮಕ್ಕಳನ್ನು ತಂದು ದುವಾ ಮಾಡಿಸುತ್ತಾರೆ. ಒಂದೇ ಪುಟ್ಟ ಬಟ್ಟಲಲ್ಲಿ ಜಮ್‌ಜಮ್ ನೀರು ಎಲ್ಲರ ಬಾಯಿಗೂ ಹೋಗುತ್ತದೆ. ಕ್ಯಾಂಪಿನಲ್ಲಿ ಇದನ್ನು ಹೇಳಿದರೆ ಸಾಕು, ತೋಳು ತಾನೇ ಮುಂದೆ ಬರುತ್ತದೆ. ವೀಸಾ ಅಂದರೆ ಬರೀ ಸಹಿ ಕೇಳ್ತಾರೆ. ಮೊಮ್ಮಗು ಅಂದರೆ "ಇನ್ನೊಂದು ಡೋಸ್ ಬೇಕಾ" ಅಂತ ಕೇಳ್ತಾರೆ!

ನೇರ_ಮಾತು (ಸಿಂದಗಿ):
2000ದ ಕಥೆ ನನಗೆ ಗೊತ್ತಿರಲಿಲ್ಲ. ಕ್ಯಾಂಪಿನಲ್ಲಿ ಇದನ್ನ ಯಾಕೆ ಹೇಳಲ್ಲ? ಆದರೆ ಒಂದು ಮಾತು, ಅವರೆಲ್ಲ ಆಗಲೂ ಸೂಜಿ ಹಾಕಿಸಿಕೊಂಡೇ ಹೋಗಿದ್ದರಲ್ವಾ? ಆದರೂ ಮನೆಯವರಿಗೆ ತಂದರಲ್ಲ?

ಪಿಎಚ್‌ಸಿ_ಅಕ್ಕ:
ಒಳ್ಳೆ ಪ್ರಶ್ನೆ. ಎರಡು ಕಾರಣ. ಒಂದು, ಆ ಸೂಜಿಯಲ್ಲಿ ಡಬ್ಲ್ಯೂ ಇರಲೇ ಇಲ್ಲ. ಇನ್ನೊಂದು, ಆಗಿನದು ಪಾಲಿಸ್ಯಾಕರೈಡ್ ಅನ್ನುವ ಹಳೆಯ ಬಗೆಯ ಲಸಿಕೆ. ಅದು ಹಾಕಿಸಿಕೊಂಡವರನ್ನು ಕಾಯಿಲೆಯಿಂದ ಕಾಯುತ್ತದೆ, ಆದರೆ ಮೂಗಿನಲ್ಲಿ ಕೂತ ರೋಗಾಣುವನ್ನು ಓಡಿಸುವುದಿಲ್ಲ. ಈಗಿನ ಕಾಂಜುಗೇಟ್ ಬಗೆಯದ್ದು ಅದನ್ನೂ ಕಡಿಮೆ ಮಾಡುತ್ತದೆ. ಅದಕ್ಕೇ ಆಯ್ಕೆ ಇದ್ದರೆ ಕಾಂಜುಗೇಟ್ ಒಳ್ಳೆಯದು.

ಕೌಂಟರ್_ಹಿಂದೆ (ಬೆಳಗಾವಿ):
ಅದಕ್ಕೆ ಸೇರಿಸಿ ಒಂದು ಕೆಲಸದ ಮಾತು. ಕಾಂಜುಗೇಟ್ ಹಾಕಿಸಿದರೆ ಸರ್ಟಿಫಿಕೇಟ್ 5 ವರ್ಷ ನಡೆಯುತ್ತದೆ, ಪಾಲಿಸ್ಯಾಕರೈಡ್ ಆದರೆ 3 ವರ್ಷ. ಆದರೆ ಸರ್ಟಿಫಿಕೇಟ್‌ನಲ್ಲಿ ಯಾವ ಬಗೆ ಅಂತ ಬರೆದಿರಬೇಕು. ಬರೆದಿಲ್ಲ ಅಂದರೆ 3 ವರ್ಷದ್ದು ಅಂತಲೇ ಲೆಕ್ಕ ಹಿಡಿಯುತ್ತಾರೆ. ಬರೀ "ಮೆನಿಂಜೈಟಿಸ್ ವ್ಯಾಕ್ಸಿನ್ ಕೊಟ್ಟಿದೆ" ಅಂತ ಒಂದು ಸಾಲು ಗೀಚಿ ಸೀಲು ಹೊಡೆದ ಕಾಗದಗಳನ್ನು ಎಷ್ಟೋ ನೋಡಿದ್ದೇನೆ. ದುಡ್ಡು ಕೊಟ್ಟು ಒಳ್ಳೆಯದನ್ನೇ ಹಾಕಿಸಿ ಎರಡು ವರ್ಷ ಕಳೆದುಕೊಳ್ಳುತ್ತಾರೆ. ಶೀಶೆಯ ಮೇಲೆ ಕಿತ್ತು ಅಂಟಿಸುವ ಸ್ಟಿಕರ್ ಇದ್ದರೆ ಅದನ್ನೇ ಕಾರ್ಡಿಗೆ ಅಂಟಿಸಲು ಹೇಳಿ. ಇಲ್ಲದಿದ್ದರೆ ಹೆಸರು, ಬ್ಯಾಚ್ ನಂಬರ್, ತಾರೀಖು ಮೂರೂ ಬರೆಸಿಕೊಳ್ಳಿ. ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆಯೋ ಹಾಗೇ ಇರಲಿ, "ಸಾಬ", "ಬಿ" ಬಿಟ್ಟುಹೋಗಿ ಒದ್ದಾಡಿದವರು ಇದ್ದಾರೆ.

ಇನ್ನು, ಇದು ಎಲ್ಲ ಅಂಗಡಿಯಲ್ಲೂ ಇಟ್ಟಿರುವ ಮಾಲಲ್ಲ. ಬೆಲೆ ಸಾವಿರಗಳಲ್ಲಿ, 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು, ಹೆಪ್ಪುಗಟ್ಟಿದರೂ ಕೆಡುತ್ತದೆ. ಸೀಸನ್‌ನಲ್ಲಿ ತರಿಸಲು ದಿನ ಹಿಡಿಯುತ್ತದೆ. ಇವತ್ತೇ ಫೋನ್ ಮಾಡಿ ಹೇಳಿಡಿ. ಬೇಸಿಗೆಯಲ್ಲಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಳಿಸಿ ಅನ್ನಬೇಡಿ ದಯವಿಟ್ಟು, ವಿಜಯಪುರದ ಮೇ ಬಿಸಿಲು ಗೊತ್ತಲ್ಲ.

ಮದರಸಾ_ಬೆಂಚು (ವಿಜಯಪುರ):
ಹಂದಿಯ ವಿಷಯಕ್ಕೆ ನಾನು ಬರ್ತೀನಿ. ಈ ಸಂಶಯವನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ, ಅದರ ಹಿಂದೆ ನಿಜದ ಎಳೆ ಇದೆ. ಕೆಲವು ಲಸಿಕೆಗಳಲ್ಲಿ ಜೆಲಾಟಿನ್ ಬಳಸುತ್ತಾರೆ, ಅದು ಹಂದಿಯದ್ದೂ ಇರುತ್ತದೆ. ದಡಾರದ ಕೆಲವು ಲಸಿಕೆ, ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ ಅಂಥವು. ಹಾಜಿಗಳಿಗೆ ಕೊಡುವ ಮೆನಿಂಜೈಟಿಸ್ ಕಾಂಜುಗೇಟ್ ಲಸಿಕೆಗಳಲ್ಲಿ ಜೆಲಾಟಿನ್ ಇಲ್ಲ. ಇಂಡೋನೇಷ್ಯಾದಲ್ಲಿ ಇದೇ ಗಲಾಟೆ ಜೋರಾಗಿತ್ತು. 2010ರಲ್ಲಿ ಅಲ್ಲಿನ ಉಲೇಮಾ (ಧರ್ಮಪಂಡಿತರ) ಮಂಡಳಿ ಮೆನಿಂಜೈಟಿಸ್ ಲಸಿಕೆಗಳನ್ನು ಒಂದೊಂದಾಗಿ ಪರಿಶೀಲಿಸಿ, ಒಂದನ್ನು ಬೇಡ ಅಂತ, ಇನ್ನೆರಡನ್ನು ಹಲಾಲ್ ಅಂತ ಹೇಳಿತು. ಅಂದರೆ ಕೇಳುವುದೂ ತಪ್ಪಲ್ಲ, ಉತ್ತರವೂ ಇದೆ. ಇನ್ನು 1995ರಲ್ಲಿ ಕುವೈತ್‌ನಲ್ಲಿ ವೈದ್ಯರು, ಉಲೇಮಾಗಳು ಸೇರಿದ ಸಭೆಯಲ್ಲಿ, ವಸ್ತು ಪೂರ್ತಿ ಬದಲಾಗಿ ಬೇರೆಯೇ ಆದರೆ ಹಳೆಯ ನಿಷೇಧ ಅದಕ್ಕೆ ಅಂಟುವುದಿಲ್ಲ ಅಂತ ತೀರ್ಮಾನ ಆಯಿತು. ಎಲ್ಲರೂ ಒಪ್ಪಿದ್ದಾರೆ ಅಂತ ಹೇಳಲ್ಲ. ನಿಮ್ಮ ಮಸೀದಿಯ ಇಮಾಮರನ್ನು ಕೇಳಿ, ಆದರೆ ಲಸಿಕೆಯ ಹೆಸರು ಬರೆದುಕೊಂಡು ಹೋಗಿ ಕೇಳಿ. "ಎಲ್ಲ ಸೂಜಿಯೂ" ಅಂತ ಕೇಳಿದರೆ ಯಾರು ತಾನೇ ಏನು ಹೇಳಿಯಾರು?

ರೋಗ ಬಂದ ಊರಿಗೆ ಹೋಗಬೇಡಿ, ಅಲ್ಲಿದ್ದರೆ ಬಿಟ್ಟು ಹೊರಡಬೇಡಿ ಅಂತ ಹದೀಸ್ (ಪ್ರವಾದಿಯವರ ಮಾತು) ಇದೆ. ಕ್ವಾರಂಟೈನ್ ಅಂದರೆ ಅದೇ ತಾನೇ.

ಇಳಕಲ್_ಹಾಜಿ:
"ಮೊದಲು ಒಂಟೆ ಕಟ್ಟು, ಆಮೇಲೆ ದೇವರನ್ನು ನಂಬು" ಅನ್ನುವ ಹದೀಸ್ ಇನ್ನೂ ಬಂದಿಲ್ಲವಲ್ಲ ಅಂತ ಕಾಯ್ತಿದ್ದೆ 😄 ಎಲ್ಲ ಕ್ಯಾಂಪಿನ ಭಾಷಣದಲ್ಲೂ ಅದೇ.

ಮದರಸಾ_ಬೆಂಚು:
ಬೇಕಂತಲೇ ಬಿಟ್ಟೆ ಹಾಜಿಸಾಬ್ 😄

ಗುಮ್ಮಟದ_ನೆರಳು:
ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಡೌಟು. ಅಮ್ಮ ಸೋಮವಾರ, ಗುರುವಾರ ರೋಜಾ (ಉಪವಾಸ) ಇಡ್ತಾರೆ. ಆ ದಿನ ಸೂಜಿ ಹಾಕಿಸಬಹುದಾ?

ಮದರಸಾ_ಬೆಂಚು:
ತೋಳಿಗೆ ಹಾಕುವ ಸೂಜಿಯಿಂದ ರೋಜಾ ಮುರಿಯುವುದಿಲ್ಲ ಅನ್ನೋದೇ ಹೆಚ್ಚಿನ ಉಲೇಮಾಗಳ ಮಾತು, ಅದರಲ್ಲಿ ಆಹಾರ ಇರಲ್ಲ. ಕೊರೊನಾ ಲಸಿಕೆ ಬಗ್ಗೆ 2021ರಲ್ಲಿ ಸೌದಿಯ ಮುಖ್ಯ ಮುಫ್ತಿಯವರೇ ಹೀಗೆ ಹೇಳಿದ್ದರು. ಬಾಯಿಗೆ ಬಿಡುವ ಪೋಲಿಯೊ ಹನಿ ಮಾತ್ರ ಬೇರೆ, ಅದು ಗಂಟಲಿಗೆ ಇಳಿಯುತ್ತದೆ. ಅದನ್ನು ರೋಜಾ ಇಲ್ಲದ ದಿನ ತಗೊಳ್ಳಲಿ.

ನಿಂಬೆ_ತೋಟ (ಇಂಡಿ):
ಪೋಲಿಯೊ ಅಂದಾಗ ನೆನಪಾಯ್ತು. ನಮ್ಮೂರ ಹಿರಿಯರೊಬ್ಬರು ಹಜ್ ಕ್ಯಾಂಪಿನಲ್ಲಿ ಪೋಲಿಯೊ ಹನಿ ಬೇಡ ಅಂತ ಹಟ ಹಿಡಿದರು. ಯಾಕಪ್ಪಾ ಅಂದರೆ "ಅದು ಹಾಕಿದರೆ ಮಕ್ಕಳಾಗಲ್ಲ." ಅವರಿಗೆ ಎಪ್ಪತ್ತರ ಮೇಲೆ, ಏಳು ಮಕ್ಕಳು!! ಆದರೂ ನಗುವಾಗಲೇ ಒಂದು ಯೋಚನೆ ಬರುತ್ತೆ, ಆ ಹಳೆ ಗಾಳಿಮಾತು ಎಷ್ಟು ಆಳಕ್ಕೆ ಇಳಿದಿದೆ ನೋಡಿ. ದೊಡ್ಡವರಿಗೆ ಯಾಕೆ ಹನಿ ಅಂತ ನನಗೂ ಗೊತ್ತಿಲ್ಲ.

ಪಿಎಚ್‌ಸಿ_ಅಕ್ಕ:
ಭಾರತದಲ್ಲಿ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರಲ್ಲಿ ಪೋಲಿಯೊ ಮುಕ್ತ ಅಂತ ಘೋಷಣೆ ಆಯಿತು. ಆದರೆ ಪಾಕಿಸ್ತಾನ, ಅಫ್ಘಾನಿಸ್ತಾನದಲ್ಲಿ ಈ ವೈರಸ್ ಇನ್ನೂ ಇದೆ. ಹಾಜಿಗಳ ಟೆಂಟುಗಳಿರುವ ಮಿನಾದಲ್ಲಿ ಎಲ್ಲ ದೇಶದವರೂ ಒತ್ತೊತ್ತಾಗಿ ಇರುತ್ತಾರೆ. ದೊಡ್ಡವರಿಗೆ ಕಾಲು ಹೋಗುವುದು ಅಪರೂಪ, ಆದರೆ ಹೊಟ್ಟೆಯಲ್ಲಿ ವೈರಸ್ ಹೊತ್ತು ಊರಿಗೆ ತರಬಹುದು. ಕೊಡುವುದು ಎರಡೇ ಹನಿ, ಅದಕ್ಕೆ ಇಷ್ಟು ರಾದ್ಧಾಂತ.

ನೇರ_ಮಾತು (ಸಿಂದಗಿ):
ಕೊರೊನಾ ಬಗ್ಗೆ ಯಾರೂ ಮಾತೇ ಆಡಲಿಲ್ಲ.

ತಾಳಿಕೋಟೆ_ದಾರಿ:
ಆಡೋಣ. 2020ರಲ್ಲಿ ಹಜ್ ಮಾಡಿದವರು ಸಾವಿರದ ಆಸುಪಾಸು, ಎಲ್ಲ ಸೌದಿಯ ಒಳಗೇ ಇದ್ದವರು. 2021ರಲ್ಲಿ 60 ಸಾವಿರ, ಲಸಿಕೆ ಹಾಕಿಸಿಕೊಂಡವರು, ಅವರೂ ಒಳಗಿನವರೇ. 2022ರಲ್ಲಿ 10 ಲಕ್ಷ ಜನರಿಗೆ ಬಾಗಿಲು ತೆರೆದರು, ಆದರೆ 65 ದಾಟಿದವರಿಗೆ ಇಲ್ಲ. ಜೀವನವಿಡೀ ದುಡ್ಡು ಕೂಡಿಟ್ಟು ಸರದಿಗೆ ಕಾದ ಹಿರಿಯರು ನಮ್ಮ ಭಾಗದಲ್ಲಿ ಎಷ್ಟು ಜನ ಆಗ ಹಿಂದೆ ಉಳಿದರು. 2023ಕ್ಕೆ ಆ ಮಿತಿ ತೆಗೆದರು, ಅಷ್ಟರಲ್ಲಿ ಕೆಲವರ ಮೊಣಕಾಲು ಹೋಗಿತ್ತು, ಕೆಲವರೇ ಹೋಗಿಬಿಟ್ಟಿದ್ದರು. ರೋಗ ಹಬ್ಬಿದರೆ ಹಜ್ಜೇ ನಿಲ್ಲುತ್ತದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ವಾಟ್ಸಾಪ್ ವಿಡಿಯೊಗಳಿಗೆ ನನ್ನ ಹತ್ತಿರ ಉತ್ತರ ಇಲ್ಲ, ಒಂದಕ್ಕೆ ಹೇಳುವಷ್ಟರಲ್ಲಿ ನಾಲ್ಕು ಬಂದಿರುತ್ತವೆ.

ಕುಂದಾ_ಪ್ರಿಯೆ (ಬೆಳಗಾವಿ):
ನಾನು ಅಮ್ಮನ ಜೊತೆ ಹೋಗಿ ಬಂದವಳು. ಒಂದು ಮಾತು ಯಾರೂ ಹೇಳಿಲ್ಲ. ಮೆನಿಂಜೈಟಿಸ್ ಸೂಜಿ ಹಾಕಿಸಿದರೆ ಎಲ್ಲಕ್ಕೂ ಆಯ್ತು ಅಂದುಕೊಳ್ಳುತ್ತಾರೆ. ಅಲ್ಲಿ ಹಾಸಿಗೆ ಹಿಡಿಸೋದು ಕೆಮ್ಮು. ಟೆಂಟಿನಲ್ಲಿ ಗಾದಿಗೆ ಗಾದಿ ತಾಗಿಕೊಂಡಿರುತ್ತೆ, ಹೊರಗೆ ಬೆಂಕಿ ಬಿಸಿಲು, ಒಳಗೆ ಎಸಿ ತಂಪು, ರಾತ್ರಿಯಿಡೀ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕೆಮ್ಮಿನ ಸವಾಲ್ ಜವಾಬ್. ಅಮ್ಮನಿಗೆ ತವಾಫ್ (ಕಾಬಾ ಸುತ್ತುವುದು) ಮಾಡೋಕೂ ಉಸಿರು ಸಾಲಲಿಲ್ಲ. ನೆಗಡಿಯಂಥ ರೋಗವಿಲ್ಲ ಅಂತಾರಲ್ಲ, ಅಲ್ಲಿ ಹೋದ ಮೇಲೆ ಗೊತ್ತಾಗುತ್ತೆ. ಫ್ಲೂ ಸೂಜಿ ಹಾಕಿಸಿ ಅಂತ ನಮಗೆ ಯಾರೂ ಒತ್ತಿ ಹೇಳಲಿಲ್ಲ, ಯಾಕಂದರೆ ಅದನ್ನು ವೀಸಾ ಕೇಳಲ್ಲ!

ಪಿಎಚ್‌ಸಿ_ಅಕ್ಕ:
ನೂರಕ್ಕೆ ನೂರು. ಹಜ್‌ನಲ್ಲಿ ಆಸ್ಪತ್ರೆ ಸೇರುವವರಲ್ಲಿ ನ್ಯುಮೋನಿಯಾದವರದು ದೊಡ್ಡ ಪಾಲು. ಕ್ಯಾಂಪಿನಲ್ಲಿ ವಯಸ್ಸಾದವರಿಗೆ ಫ್ಲೂ ಲಸಿಕೆ ಕೊಡುತ್ತೇವೆ, ಆದರೆ "ಇದು ಕಡ್ಡಾಯನಾ?" ಅಂತ ಕೇಳಿ ಇಲ್ಲ ಅಂದರೆ ಎದ್ದು ಹೋಗ್ತಾರೆ. ಫ್ಲೂ ವೈರಸ್ ವರ್ಷ ವರ್ಷ ವೇಷ ಬದಲಿಸುತ್ತದೆ, ಹಾಗಾಗಿ ಹೋದ ವರ್ಷದ್ದು ಈ ವರ್ಷಕ್ಕೆ ನಡೆಯಲ್ಲ. ಗುಮ್ಮಟದ_ನೆರಳು, ನಿಮ್ಮ ತಂದೆಗೆ 68, ಶುಗರ್ ಬೇರೆ. ಅವರಿಗೆ ಫ್ಲೂ, ಜೊತೆಗೆ ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆ ಎರಡರ ಬಗ್ಗೆಯೂ ಅವರ ಡಾಕ್ಟರ್‌ನ ಕೇಳಿ. ಇದನ್ನು ಏಜೆಂಟ್ ಹತ್ತಿರ ಕೇಳಬೇಡಿ.

ಇಳಕಲ್_ಹಾಜಿ:
ಜೊತೆಗೆ ಬಿಸಿಲಿನ ಬಗ್ಗೆಯೂ ಹೇಳಿ ಅಕ್ಕ. 2024ರ ಹಜ್‌ನಲ್ಲಿ ಹರಮ್ (ಮಕ್ಕಾದ ದೊಡ್ಡ ಮಸೀದಿ) ಹತ್ತಿರ 51.8 ಡಿಗ್ರಿ ಹೋಗಿತ್ತು. ಆ ವರ್ಷ 1,301 ಜನ ತೀರಿಕೊಂಡರು ಅಂತ ಸೌದಿಯವರೇ ಹೇಳಿದರು, ಅದರಲ್ಲಿ ಹೆಚ್ಚಿನವರು ಪರವಾನಗಿ ಇಲ್ಲದೆ ಹೋದವರು, ಟೆಂಟ್ ಇಲ್ಲ ಬಸ್ ಇಲ್ಲ. ಅದಕ್ಕೆ ಯಾವ ಸೂಜಿಯೂ ಇಲ್ಲ. ಕೊಡೆ, ನೀರು, ಓಆರ್‌ಎಸ್ ಪುಡಿ.

ಗುಮ್ಮಟದ_ನೆರಳು:
ಅಪ್ಡೇಟ್. ಏಜೆಂಟ್‌ಗೆ ಸರ್ಟಿಫಿಕೇಟ್ ಬೇಡ ಅಂದೆ. ಇಬ್ಬರಿಗೂ ಕಾಂಜುಗೇಟ್ ಹೇಳಿಟ್ಟಿದ್ದೇನೆ, ಫ್ಲೂ ಕೂಡ. ಅಪ್ಪ ಮೊದಲು "ದುಡ್ಡು ದಂಡ" ಅಂತ ಗೊಣಗಿದರು. 2000ದ ವಿಷಯ, ಮನೆಯವರಿಗೆ ಬಂದದ್ದು, ಓದಿ ಹೇಳಿದೆ. ಸುಮ್ಮನಾದರು. ಆಮೇಲೆ ಗುಂಪಿನಲ್ಲಿ ಜೊತೆಗೆ ಹೋಗುವ ಇನ್ನೂ ಮೂರ್ನಾಲ್ಕು ಮನೆಯವರಿಗೆ ಅವರೇ ಫೋನ್ ಮಾಡಿದ್ದಾರೆ. ಅದರಲ್ಲಿ ಒಬ್ಬರು ಮಾತ್ರ ಹೂಂ ಅಂದರಂತೆ. ಉಳಿದವರದ್ದು ಒಂದೇ ಮಾತು, "ಏಜೆಂಟ್ ಕೊಡ್ತಾನಲ್ಲ, ಮತ್ಯಾಕೆ?"

ತಾಳಿಕೋಟೆ_ದಾರಿ:
ಆ ಮೂರು ಮನೆಗೆ 2024ರದ್ದನ್ನೂ ಹೇಳಿ. ಆ ವಸಂತದಲ್ಲಿ ಅಮೆರಿಕ, ಫ್ರಾನ್ಸ್, ಬ್ರಿಟನ್ ಮೂರೂ ಕಡೆ ಸೌದಿಗೆ ಹೋಗಿ ಬಂದವರಲ್ಲಿ, ಅವರ ಹತ್ತಿರದವರಲ್ಲಿ ಒಟ್ಟು 12 ಮೆನಿಂಜೈಟಿಸ್ ಪ್ರಕರಣ ಸಿಕ್ಕವು. ಹೆಚ್ಚಿನವು ಮತ್ತೆ ಅದೇ ಡಬ್ಲ್ಯೂ, ಹೆಚ್ಚಿನವರು ಲಸಿಕೆ ಹಾಕಿಸದವರು. ಅವರೂ ಉಮ್ರಾಕ್ಕೇ ಹೋಗಿದ್ದು.

ನೇರ_ಮಾತು (ಸಿಂದಗಿ):
ಫೋನ್ ನಂಬರ್ ಇದ್ದರೆ ನನ್ನನ್ನೂ ಮಾತಾಡಿಸಿ ಅಂತ ಹೇಳ್ತಿದ್ದೆ, ಇಲ್ಲಿ ನಂಬರ್ ಹಾಕುವ ಹಾಗಿಲ್ಲ. ನಾನು ಇನ್ನೂ ಎಲ್ಲ ಸೂಜಿಯನ್ನೂ ಒಪ್ಪಿಲ್ಲ. ಆದರೆ ಸುಳ್ಳು ಕಾಗದ ಹಿಡಿದು ಕಾಬಾ ಮುಂದೆ ನಿಲ್ಲೋದು ಹೇಗೆ ಅಂತ ಆ ಮನೆಯವರನ್ನು ಕೇಳಬೇಕು ಅನ್ನಿಸ್ತು.

ಕುಂದಾ_ಪ್ರಿಯೆ (ಬೆಳಗಾವಿ):
ಅಕ್ಕ, ಬಂದ ಮೇಲೆ ಏನಾದರೂ ಟೆಸ್ಟ್ ಮಾಡಿಸಬೇಕಾ?

ಪಿಎಚ್‌ಸಿ_ಅಕ್ಕ:
ಆರಾಮಿದ್ದರೆ ಬೇಡ. ಎರಡು ವಾರದೊಳಗೆ ಜ್ವರ, ಉಸಿರಾಟದ ತೊಂದರೆ, ಜೋರು ತಲೆನೋವು ಬಂದರೆ ಸೀದಾ ಆಸ್ಪತ್ರೆಗೆ ಹೋಗಿ, "ಸೌದಿಯಿಂದ ಬಂದಿದ್ದೇವೆ" ಅಂತ ಮೊದಲೇ ಹೇಳಿ. ಒಂಟೆಯಿಂದ ಹರಡುವ ಮರ್ಸ್ ಅನ್ನೋ ಉಸಿರಾಟದ ರೋಗವೊಂದಿದೆ, 2012ರಲ್ಲಿ ಕಂಡದ್ದು, ಅದಕ್ಕೆ ಲಸಿಕೆಯೇ ಇಲ್ಲ. ಅಲ್ಲಿ ಹಸಿ ಒಂಟೆ ಹಾಲು ಕುಡಿಯಲು, ಒಂಟೆ ಜೊತೆ ಫೋಟೊ ತೆಗೆಸಿಕೊಳ್ಳಲು ಹೋಗಬೇಡಿ. ಗಂಡಸರು ತಲೆ ಬೋಳಿಸುವಾಗ ಹೊಸ ಬ್ಲೇಡ್ ಹಾಕಿದರಾ ಅಂತ ಕಣ್ಣಾರೆ ನೋಡಿ, ರಸ್ತೆ ಬದಿಯವರಲ್ಲಿ ಬೇಡ.

ಕೌಂಟರ್_ಹಿಂದೆ (ಬೆಳಗಾವಿ):
ನಮ್ಮ ಕಡೆಯಿಂದ ಹೋಗುವವರು ಬ್ಲೇಡ್ ಪ್ಯಾಕೆಟ್ ಇಲ್ಲಿಂದಲೇ ಒಯ್ಯುತ್ತಾರೆ. ಒಯ್ಯಿರಿ, ಆದರೆ ಚೆಕ್-ಇನ್ ಬ್ಯಾಗಿನಲ್ಲಿ ಇಡಿ, ಕೈಚೀಲದಲ್ಲಿ ಇಟ್ಟರೆ ಏರ್‌ಪೋರ್ಟ್‌ನಲ್ಲಿ ತೆಗೆದುಬಿಡ್ತಾರೆ. ಇನ್ಸುಲಿನ್ ಮಾತ್ರ ಕೈಚೀಲದಲ್ಲೇ ಇರಲಿ, ಡಾಕ್ಟರ್ ಚೀಟಿ ಜೊತೆಗೆ.